ಮೂರು ಗಂಟೆಯ ಆಕಳಿಕೆ, ಮುನ್ನೂರು ರೂಪಾಯಿಯ ಚೀಟಿ

ನಮಸ್ಕಾರ. ಚಿತ್ರ ಸ್ವಲ್ಪ ಅಲ್ಲಾಡುತ್ತಿದೆ, ಸಹಿಸಿಕೊಳ್ಳಿ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮನೆ ಬೀಗದ ಕೈ ಮತ್ತು ನೀರಿನ ಬಾಟಲಿ. ಇದು ಕುಂದವಾಡ ಕೆರೆ, ಬೆಳಿಗ್ಗೆ ಆರೂಕಾಲು. ದಾವಣಗೆರೆಯವರಿಗೆ ಪರಿಚಯ ಬೇಡ, ನಲ್ಲಿಯಲ್ಲಿ ಬರೋ ನೀರಿನ ಊರು ಇದು. ಆ ಕಡೆ ಕಾಣುತ್ತಿರೋದು ಗಾಜಿನ ಮನೆ. ಇವತ್ತು ಅಲ್ಲಿಗೆ ಹೋಗೋದಿಲ್ಲ, ಆ ವಿಡಿಯೊ ಹಿಂದೆಯೇ ಮಾಡಿದ್ದೇನೆ, ಬಿಸಿಲಲ್ಲಿ ಬೆಂದದ್ದೂ ನೋಡಿದ್ದೀರಿ. ಇವತ್ತಿನ ಮಾತು ಈ ಆರು ವಾರದಲ್ಲಿ ನಾನು ಬದಲಾಯಿಸಿದ ಊಟದ್ದು.

ಆರು ವಾರದ ಹಿಂದೆ ಈ ಹೊತ್ತಿಗೆ ಯಾರಾದರೂ ವಾಕಿಂಗ್‌ಗೆ ಕರೆದಿದ್ದರೆ ಹಾಸಿಗೆಯಿಂದಲೇ ಕೈ ಮುಗಿದು ಕಳಿಸುತ್ತಿದ್ದೆ. ನನ್ನದು ಕೌಂಟರಿನಲ್ಲಿ ಕೂತು ಮಾಡುವ ಕೆಲಸ. ಎಲ್ಲಿ ಅಂತ ಹೇಳೋದಿಲ್ಲ, ಗೊತ್ತಿರೋರು ಸುಮ್ನೆ ಇರಿ. ಮಧ್ಯಾಹ್ನ ಮೂರು ಹೊಡೆಯಿತು ಅಂದರೆ ಆಕಳಿಕೆ ಶುರು. ಒಂದಲ್ಲ, ಸಾಲಾಗಿ. ಒಬ್ಬ ಅಜ್ಜ ಚಲನ್ ನೀಡುತ್ತಾ ನನ್ನ ಮುಖ ನೋಡಿ, "ಯಾಕವ್ವಾ, ರಾತ್ರಿ ನಿದ್ದಿ ಆಗಿಲ್ಲೇನು?" ಅಂದರು. ಪಕ್ಕದ ಕೌಂಟರಿನವರೆಲ್ಲ ನಕ್ಕರು. ರಾತ್ರಿ ಏಳು ಗಂಟೆ ನಿದ್ದೆ ಮಾಡಿದ್ದೆ ಅಜ್ಜಾ, ಅದೇ ನನ್ನ ದುಃಖ. ಅವತ್ತು ಮನೆಗೆ ಬಂದು, ನಾನು ಏನು ತಿನ್ನುತ್ತಿದ್ದೇನೆ ಅಂತ ಹಳೇ ಡೈರಿಯಲ್ಲಿ ಬರೆಯೋಕೆ ಶುರು ಮಾಡಿದೆ.

ಇದು ನಮ್ಮ ಅಡುಗೆಮನೆ. ಏನು ಆಗುತ್ತಿದೆ ಅಂತ ಕಾಣುತ್ತಿದೆಯಲ್ಲ, ಹೇಳೋದಿಲ್ಲ. ಹಿಂದೆ ನಿಂತಿರೋದು ಅತ್ತೆ, ಮುಖ ತೋರಿಸಬಾರದು ಅಂತ ಕರಾರು, ಅದಕ್ಕೇ ಬರೀ ಕೈ ಮತ್ತು ಬಳೆ. ಡೈರಿಯಲ್ಲಿ ಬಂದದ್ದು ಹೀಗಿತ್ತು: ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ಅವಲಕ್ಕಿ, ಹನ್ನೊಂದಕ್ಕೆ ಟೀ ಬಿಸ್ಕತ್ತು, ಮಧ್ಯಾಹ್ನ ಅನ್ನ ಸಾರು ಆಮೇಲೆ ಅನ್ನ ಮಜ್ಜಿಗೆ, ಕೂಡಲೇ ಟೀ, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ. ಅಕ್ಕಿ ಒಂದೇ, ವೇಷ ನಾಲ್ಕು. ಮಂಡಕ್ಕಿನೂ ಅಕ್ಕಿಯೇ ಅಂತ ಅವತ್ತೇ ನನಗೆ ಹೊಳೆದದ್ದು, ಮಂಡಕ್ಕಿ ಊರಲ್ಲಿ ಹುಟ್ಟಿ ಬೆಳೆದವಳು ನಾನು!

ಸಾರಿನಲ್ಲಿ ಬೇಳೆ ಇತ್ತಲ್ಲ ಅಂತೀರಾ? ಅತ್ತೆ ಒಂದೇ ಮಾತಲ್ಲಿ ಮುಗಿಸಿದರು: "ತಿಳಿ ಬಡಿಸ್ಕೊಂಡು ಕಾಳು ತಳದಾಗೆ ಬಿಡ್ತೀ, ಮೈಯಾಗೆ ಶಕ್ತಿ ಎಲ್ಲಿಂದ ಬರಬೇಕು?" ಎಂಟು ವರ್ಷದಿಂದ ಗಮನಿಸಿದ್ದಾರೆ ಅಂತ ಕಾಣುತ್ತೆ.

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಅದೇ ಐಸಿಎಂಆರ್, 2020ರಲ್ಲಿ ಹೇಳಿದ ಲೆಕ್ಕ ಏನಂದ್ರೆ, ದೊಡ್ಡವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನಾನು ಆಗ 67 ಕಿಲೋ, ಅಂದ್ರೆ ಸುಮಾರು 56 ಗ್ರಾಂ. ನನ್ನ ಡೈರಿಯನ್ನು ಎಷ್ಟು ಉದಾರವಾಗಿ ಕೂಡಿದರೂ ನಲವತ್ತು ದಾಟಲಿಲ್ಲ. ಮನೆಯಲ್ಲಿ ಮೊಟ್ಟೆ ಬರೋದಿಲ್ಲ, ಹಾಗಾಗಿ ಉಳಿದದ್ದು ಕಾಳು, ಶೇಂಗಾ, ಪುಟಾಣಿ, ಮೊಸರು. ಹುರುಳಿ, ಹೆಸರು, ತೊಗರಿಬೇಳೆ ಇವೆಲ್ಲ 100 ಗ್ರಾಂಗೆ ಹೆಚ್ಚುಕಮ್ಮಿ 22 ಗ್ರಾಂ ಕೊಡುತ್ತವೆ. ಒಣಗಿದ ಕಾಳಿನ ತೂಕ ಅದು, ಬೇಯಿಸಿದ ಮೇಲಿನದಲ್ಲ, ನಾನು ಮೊದಲು ಅಲ್ಲೇ ಎಡವಿದೆ. ನೆನೆಸಿ ಬೇಯಿಸಿದ ಒಂದು ಬಟ್ಟಲು ಕಾಳನ್ನು ತೂಗಿ, ಅಬ್ಬಾ ಎಷ್ಟು ಪ್ರೋಟೀನ್ ಅಂತ ಖುಷಿಪಟ್ಟೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು.

ಕುಕ್ಕರ್ ಕೂಗಿತು, ಮುಂದಿನ ಶಾಟ್.

ಹಾಂ, ಇದು ಮೊದಲ ವಾರದ ವಿಡಿಯೊ. ಮುಖ ನೋಡಿ, ಯಾರನ್ನೋ ಹೊಡೆಯೋಕೆ ಹೊರಟವಳ ಹಾಗಿದೆ. ಆ ವಾರ ನಾನು ಅನ್ನ ಪೂರ್ತಿ ಬಿಟ್ಟಿದ್ದೆ, ರೊಟ್ಟಿನೂ ಬಿಟ್ಟಿದ್ದೆ. ಐದು ದಿನಕ್ಕೆ ಎರಡು ಕಿಲೋ ಇಳಿದೆ. ಎಲ್ಲರಿಗೂ ಫೋನ್ ಮಾಡಿ ಹೇಳಿದೆ, ತಂಗಿಗಂತೂ ಎರಡು ಸಲ. ಆಮೇಲೆ ಗೊತ್ತಾಯಿತು, ಅದರಲ್ಲಿ ಬಹುಪಾಲು ನೀರು. ನಮ್ಮ ಮೈ ಸಕ್ಕರೆಯನ್ನು ಗ್ಲೈಕೋಜೆನ್ ಅಂತ ಮಾಡಿ ಸ್ನಾಯುವಿನಲ್ಲಿ, ಲಿವರಿನಲ್ಲಿ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತದೆ. ಅನ್ನ ರೊಟ್ಟಿ ಬಿಟ್ಟರೆ ಆ ಗಂಟು ಖಾಲಿ, ನೀರೂ ಖಾಲಿ, ತಕ್ಕಡಿ ಖುಷಿ, ತಲೆನೋವು ನನಗೆ. ಭಾನುವಾರ ಒಂದು ಊಟ ಸರಿಯಾಗಿ ಮಾಡಿದೆ, ಸೋಮವಾರ ಬೆಳಿಗ್ಗೆ ಒಂದು ಕಿಲೋ ವಾಪಸ್. ಒಂದು ರಾತ್ರಿಯಲ್ಲಿ ಒಂದು ಕಿಲೋ ಕೊಬ್ಬು ಬರೋಕೆ ಏಳು ಸಾವಿರಕ್ಕೂ ಜಾಸ್ತಿ ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕಂತೆ, ಮದುವೆ ಮನೆಯಲ್ಲೂ ನನ್ನ ಕೈಲಿ ಆಗದ ಕೆಲಸ. ಅನ್ನ ಬಿಡೋದು ಮೂರ್ಖತನ. ಈ ಮಾತನ್ನು ಹೋದ ತಿಂಗಳ ವಿಡಿಯೊದಲ್ಲಿ ಉಲ್ಟಾ ಹೇಳಿದ್ದೆ, ಹೌದು, ಗೊತ್ತು, ಬರೆಯಬೇಡಿ.

ಈಗ ಬಂತು ನೋಡಿ, ನೀವೆಲ್ಲ ಕಾಯುತ್ತಿದ್ದ ಜಿಮ್. ಹೆಸರು ಹೇಳೋದಿಲ್ಲ, ಬೋರ್ಡನ್ನೂ ಮಸುಕು ಮಾಡಿದ್ದೇನೆ. ಮೈಯಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು ಅಂತ ತೋರಿಸೋ ಯಂತ್ರ ಬಂದಿದೆ, ಒಂದು ಸಲಕ್ಕೆ 300 ರೂಪಾಯಿ ಅಂತ ಬಾಗಿಲಲ್ಲೇ ಬರೆದಿದ್ದರು. ಮುನ್ನೂರಕ್ಕೆ ಮೂರು ಕಿಲೋ ಹೆಸರುಕಾಳೂ ಬರೋದಿಲ್ಲ ಬಿಡಿ, ಹೋಗಲಿ ಅಂತ ಹತ್ತಿದೆ. ಹತ್ತೋ ಮೊದಲು ಆ ಹುಡುಗ, "ಮೇಡಂ, ಮೈಮೇಲಿನ ಲೋಹ ಎಲ್ಲ ತೆಗೀರಿ" ಅಂದ. ಬಳೆ ಬಂತು, ಗೆಜ್ಜೆ ಬಂತು. ಕಾಲುಂಗುರ? ಮದುವೆ ದಿನ ಹಾಕಿದ್ದು, ಎಂಟು ವರ್ಷದಲ್ಲಿ ಬೆರಳು ಅದರ ಸುತ್ತ ಬೆಳೆದುಕೊಂಡಿದೆ. ಜಿಮ್ಮಿನ ಬಚ್ಚಲಲ್ಲಿ ನಿಂತು ಸೋಪು ಹಚ್ಚಿ ತಿರುವಿದೆ, ಎಳೆದೆ. ಬಲಗಾಲಿನದು ಬಂತು, ಎಡಗಾಲಿನದು ಚರ್ಮ ಕಿತ್ತುಕೊಂಡು ಬಂತು. ಹೊರಗೆ ನಾಲ್ಕು ಜನ ಡಂಬಲ್ಸ್ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಕಾಲು ಒರೆಸಿಕೊಂಡು ಆ ತಣ್ಣನೆ ತಗಡಿನ ಮೇಲೆ ನಿಂತೆ, ಎರಡು ಹಿಡಿಕೆ ಹಿಡಿದೆ, ಟುಯ್ ಅಂತು. ಚೀಟಿ ಬಂತು.

ಕೊಬ್ಬು 41 ಪರ್ಸೆಂಟ್. ದೇಹದ ವಯಸ್ಸು 49. ನನಗೆ 34.

ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಹುಡುಗ ಅದಕ್ಕೇ ಕಾಯುತ್ತಿದ್ದ ಅನ್ನಿಸುತ್ತೆ, ಕೂಡಲೇ ಮೂರು ತಿಂಗಳ ಪ್ಯಾಕೇಜು, ಅದರ ಮೇಲೊಂದು ಪೌಡರ್ ಡಬ್ಬ, ಎರಡೂ ಸೇರಿ ಇಷ್ಟು ಅಂತ ಶುರು ಮಾಡಿದ. ನಾನು ಚೀಟಿಯನ್ನೇ ನೋಡುತ್ತಾ ನಿಂತಿದ್ದೆ, ಮೇಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಎತ್ತರ ಅಂತ ಇತ್ತು. 150 ಸೆಂಟಿಮೀಟರ್. ನಾನು 160! ಐದಡಿ ಮೂರಿಂಚು ಅಂತ ಬಾಯಿ ಬಿಟ್ಟು ಹೇಳಿದ್ದೆ, ಇವನು 150 ಒತ್ತಿದ್ದಾನೆ. ಆ ಯಂತ್ರ ಕೆಲಸ ಮಾಡೋದೇ ಹಾಗೆ. ಮೈಯೊಳಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಬಿಡುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಅಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಎಷ್ಟು ತಡೆಯಿತು ಅನ್ನೋದಕ್ಕೆ ಎತ್ತರ, ತೂಕ, ವಯಸ್ಸು ಸೇರಿಸಿ ಒಂದು ಅಂದಾಜು ಹಾಕುತ್ತದೆ. ಕೊಬ್ಬನ್ನು ಅದು ಕಣ್ಣಾರೆ ನೋಡೋದಿಲ್ಲ. ಎತ್ತರವೇ ತಪ್ಪಾದರೆ ಅಂದಾಜೂ ತಪ್ಪು. ಇನ್ನೊಂದು ಸಲ ಮಾಡಪ್ಪಾ ಅಂದೆ. "ಇನ್ನೊಂದು ಮುನ್ನೂರು ಆಗುತ್ತೆ ಮೇಡಂ." ತಪ್ಪು ನಿನ್ನದಲ್ವಾ ಅಂದರೆ, "ಪೇಪರ್ ರೋಲ್ ಖರ್ಚಾಯಿತಲ್ಲ ಮೇಡಂ" ಅಂದ. ಅಂಗೈ ಅಗಲದ ಕಾಗದಕ್ಕೆ ಮುನ್ನೂರು! ಕಾಲು ಗಂಟೆ ವಾದ ಮಾಡಿದೆ, ಕ್ಯಾಮೆರಾ ಆಫ್ ಮಾಡಿಸಿದ್ದರು, ಇಲ್ಲದಿದ್ದರೆ ಆ ಭಾಗಕ್ಕೇ ಜಾಸ್ತಿ ವ್ಯೂಸ್ ಬರುತ್ತಿತ್ತು. ಕೊನೆಗೆ ನೂರಕ್ಕೆ ಒಪ್ಪಿದ. ಎರಡನೇ ಚೀಟಿಯಲ್ಲಿ 35. ಮೆಟ್ಟಿಲು ಇಳಿಯುವ ಮೊದಲೇ ಆರು ಪರ್ಸೆಂಟ್ ಕೊಬ್ಬು ಕರಗಿಸಿದ ದಾವಣಗೆರೆಯ ಮೊದಲ ಹೆಣ್ಣುಮಗಳು ನಾನೇ ಇರಬೇಕು.

ಯಂತ್ರ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒಂದೇ ಯಂತ್ರ, ಒಂದೇ ಹೊತ್ತು, ಖಾಲಿ ಹೊಟ್ಟೆ ಅಂತ ಇಟ್ಟುಕೊಂಡರೆ ಏರಿತೋ ಇಳಿಯಿತೋ ಅಂತ ತಿಳಿಯಬಹುದು. ಬೆವರಿ ಬಂದು ನಿಂತರೆ, ನೀರು ಕುಡಿಯದೆ ನಿಂತರೆ ಲೆಕ್ಕ ಬದಲಾಗುತ್ತದೆ. ಎಡಗಾಲಿನ ಬೆರಳು ಮಾತ್ರ ಇನ್ನೂ ಉರಿಯುತ್ತೆ. ಉಂಗುರ ಡಬ್ಬಿಯಲ್ಲಿದೆ, ಅತ್ತೆ ನೋಡಿಲ್ಲ. ಈ ವಿಡಿಯೊ ನೋಡಿದರೆ ಗೊತ್ತಾಗುತ್ತೆ, ಅಲ್ವಾ? ಇರಲಿ, ಅವರು ನನ್ನ ವಿಡಿಯೊ ನೋಡೋದಿಲ್ಲ.

ಇದು ಡಾಕ್ಟರ ಕ್ಲಿನಿಕ್ ಹೊರಗಿನ ಬೆಂಚು, ಒಳಗೆ ಶೂಟ್ ಮಾಡಲಿಲ್ಲ. ಜಿಮ್ಮಿಗೆ ನಾನೂರು ಸುರಿದ ಮೇಲೆ ಬುದ್ಧಿ ಬಂದು ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 10.4. ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ಡಾಕ್ಟರು ಮೊದಲು ಕೇಳಿದ್ದು ಊಟವಾದ ಮೇಲೆ ಟೀ ಕುಡಿಯುತ್ತೀರಾ ಅಂತ. ಟೀಯಲ್ಲಿರೋ ಟ್ಯಾನಿನ್ ಊಟದ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತಂತೆ, ಊಟಕ್ಕೆ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಬಿಡಿ ಅಂದರು. ಕಬ್ಬಿಣದ ಮಾತ್ರೆ ಕೊಟ್ಟರು. ಕಾಳಿಗೆ ನಿಂಬೆ ಹಿಂಡಿಕೊಳ್ಳಿ, ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತೆ ಅಂದರು. ಹಾಗಾದರೆ ಈ ಆರು ವಾರದಲ್ಲಿ ನನ್ನನ್ನು ಎಬ್ಬಿಸಿದ್ದು ಕಾಳೋ, ಮಾತ್ರೆಯೋ, ಟೀ ಸರಿಸಿದ್ದೋ? ಮೂರೂ ಒಟ್ಟಿಗೆ ಶುರುವಾಯಿತು, ಬಿಡಿಸಿ ಹೇಳೋಕೆ ನನಗೆ ಬರೋದಿಲ್ಲ. ಬರೀ ಕಾಳು ತಿಂದು ಹೀಗಾದೆ ಅಂತ ವಿಡಿಯೊ ಮಾಡೋರನ್ನು ಕಂಡರೆ ಈಗ ಅನುಮಾನ ಬರುತ್ತೆ. ಸುಸ್ತು ಅಂತ ಇದ್ದರೆ ಮೊದಲು ರಕ್ತ ನೋಡಿಸಿ, ಆಮೇಲೆ ಡಯಟ್ಟು.

ಡಬ್ಬಿ ನೋಡಿ. ಕೆಳಗೆ ಅನ್ನ, ಅರ್ಧ ಡಬ್ಬಿ. ಮೇಲೆ ಹೆಸರುಕಾಳು ಉಸಲಿ, ಪಕ್ಕದಲ್ಲಿ ಸೌತೆಕಾಯಿ, ಮೊಸರು ಬೇರೆ ಡಬ್ಬಿ. ಕೆಲವು ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಊರು ಚೆಂದ, ಬಡಗಣ ಕಡೆಯವರ ರೊಟ್ಟಿನೂ ಉಂಟು, ದುರ್ಗದ ಕಡೆಯವರ ಮುದ್ದೆನೂ ಉಂಟು, ಎರಡಕ್ಕೂ ಜಗಳ ಇಲ್ಲ. ತಿನ್ನೋ ಸರದಿ ಮಾತ್ರ ಬದಲಾಯಿಸಿದ್ದೇನೆ. ಕಾಳು ತರಕಾರಿ ಮೊದಲು, ಅನ್ನ ಕೊನೆಗೆ. ಹಾಗೆ ತಿಂದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರೋದಿಲ್ಲ. ಊಟವಾದ ಮೇಲೆ ಹತ್ತು ನಿಮಿಷ ಆಫೀಸಿನ ಹಿಂದಿನ ರಸ್ತೆಯಲ್ಲಿ ನಡೆಯುತ್ತೇನೆ, ಸ್ನಾಯು ಆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆಕಳಿಕೆ ಪೂರ್ತಿ ಹೋಗಿಲ್ಲ. ಮಧ್ಯಾಹ್ನ ಸ್ವಲ್ಪ ಮಂಪರು ಎಲ್ಲರ ಮೈಗೂ ಇರೋದೇ, ಹೊಟ್ಟೆ ಬಿರಿಯುವ ಊಟ ಅದನ್ನು ಎರಡರಷ್ಟು ಮಾಡುತ್ತಿತ್ತು ಅಷ್ಟೆ.

ಅಯ್ಯೋ, ಈ ಶಾಟ್ ಯಾಕೆ ಹಾಕಿದೆ! ಬೆಣ್ಣೆ ದೋಸೆ. ಹಂಚಿನ ಮೇಲೆ ಆ ಮುದ್ದೆ ಬೆಣ್ಣೆ ಜಾರೋದು ನೋಡಿ, ಒಲೆಯ ಸೌದೆ ಹೊಗೆ ಇಲ್ಲಿವರೆಗೂ ಬಂದ ಹಾಗಾಗುತ್ತೆ. ಬೆಣ್ಣೆ ಒಂದು ದೊಡ್ಡ ಚಮಚಕ್ಕೆ ಸುಮಾರು 100 ಕ್ಯಾಲೊರಿ, ಇಲ್ಲಿ ಯಾರೂ ಚಮಚದಲ್ಲಿ ಹಾಕೋದಿಲ್ಲ. ಆ ಕೆರೆ ಏರಿ ಮೇಲೆ ಅರ್ಧ ಗಂಟೆ ನಡೆದರೆ ಕರಗೋದೂ ಹೆಚ್ಚುಕಮ್ಮಿ ಒಂದು ಚಮಚ ಬೆಣ್ಣೆ. ಲೆಕ್ಕ ಹಾಕಿ ತಿನ್ನೋದಾದರೆ ಮನೆಯಲ್ಲೇ ಇರಬೇಕು. ಮೊದಲು ವಾರಕ್ಕೆ ಮೂರು ಸಲ ಇತ್ತು, ಈಗ ಭಾನುವಾರ ಮಾತ್ರ, ಎರಡು ದೋಸೆ, ಪಲ್ಯ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತೇನೆ. ಬಿಡಿ ಅಂತ ಯಾವ ಡಯಟ್ ಗುರು ಹೇಳಿದರೂ ಅವರನ್ನು ಬಿಡುತ್ತೇನೆ. ಸಂಜೆ ಮಂಡಕ್ಕಿ ಕೂಡ ಬಿಟ್ಟಿಲ್ಲ, ಶೇಂಗಾ ಪುಟಾಣಿ ಜಾಸ್ತಿ ಹಾಕು ಅಂತ ಗಾಡಿಯ ಅಣ್ಣನಿಗೆ ಹೇಳುತ್ತೇನೆ, ಮೆಣಸಿನಕಾಯಿ ಬಜ್ಜಿ ಒಂದೇ. ನಿನ್ನೆ ಎರಡು. ಮೊನ್ನೆ ಮಳೆ ಬಂದಿತ್ತು, ಅದು ಲೆಕ್ಕಕ್ಕಿಲ್ಲ.

ಇದು ಟೈಲರ್ ಅಂಗಡಿ, ಇವತ್ತಿನದೇ ಶೂಟ್. ಆರು ವಾರಕ್ಕೆ ತಕ್ಕಡಿಯಲ್ಲಿ ಇಳಿದದ್ದು ಒಂದೂವರೆ ಕಿಲೋ, ಯಾರೂ ಚಪ್ಪಾಳೆ ಹೊಡೆಯೋದಿಲ್ಲ. ಆದರೆ ಈ ಬ್ಲೌಸಿನ ಒಳಗೆ ನೋಡಿ, ಹತ್ತಿರ ತರುತ್ತೇನೆ. ಕಂಕುಳ ಕೆಳಗೆ ಮೂರು ಸಾಲು ಹೊಲಿಗೆ ಇದ್ದ ಗುರುತು. ಒಂದನೇ ಸಾಲು ಮದುವೆಯಾದ ವರ್ಷ ಬಿಚ್ಚಿಸಿದ್ದು, ತೂತು ಮಾತ್ರ ಉಳಿದಿದೆ. ಎರಡನೇದು ಮಗು ಆದ ಮೇಲೆ. ಮೂರನೇದರ ಮೇಲೆ ಇಷ್ಟು ದಿನ ನಡೆದಿತ್ತು, ಅದರಾಚೆ ಬಟ್ಟೆಯೇ ಇರಲಿಲ್ಲ. ಇವತ್ತು ಟೈಲರ್ ಅಣ್ಣ ಟೇಪು ಸುತ್ತಿ, ಎರಡನೇ ತೂತಿನ ಸಾಲಿಗೇ ಮತ್ತೆ ಹೊಲಿಗೆ ಹಾಕೋಣ ಅಂದರು. ಸೊಂಟ 88 ಸೆಂಟಿಮೀಟರ್ ಇದ್ದದ್ದು 84. ನಮ್ಮ ಕಡೆಯ ಹೆಂಗಸರಿಗೆ 80ರ ಒಳಗೆ ಇದ್ದರೆ ಒಳ್ಳೇದು ಅನ್ನುತ್ತಾರೆ, ಇನ್ನೂ ನಾಲ್ಕು ಬಾಕಿ. ತೋಳು ಮಾತ್ರ ಬಿಗಿಯಾಗಿಯೇ ಇದೆ. ವಾರಕ್ಕೆ ಮೂರು ದಿನ ತುಂಬಿದ ಬಿಂದಿಗೆ ಹಿಡಿದು ಕೂತು ಏಳುತ್ತೇನಲ್ಲ, ಅದು ಸ್ನಾಯು ಅಂತ ನಾನು, ಅದು ಬೆಣ್ಣೆ ಅಂತ ನಮ್ಮ ಯಜಮಾನರು.

ಹೊಲಿಗೆಗೆ ಎಷ್ಟು ಅಣ್ಣಾ ಅಂದೆ. ನಲವತ್ತು ಅಂದರು. ಜಿಮ್ಮಿಗೆ ಕೊಟ್ಟ ದುಡ್ಡಿಗೆ ಹತ್ತು ಬ್ಲೌಸು. ಚೀಟಿ ಕೊಡೋದಿಲ್ವಾ ಅಂತ ಕೇಳಿದೆ, ಅವರಿಗೆ ಅರ್ಥ ಆಗಲಿಲ್ಲ, ಪಾಪ, ಕ್ಯಾಲೆಂಡರ್ ಹಾಳೆ ಹರಿದು ಅಳತೆ ಬರೆದುಕೊಟ್ಟರು. ಕರೆಂಟ್ ಹೋಯಿತು, ಮಿಷನ್ ನಿಂತಿತು, ಅದಕ್ಕೇ ಚಿತ್ರ ಕತ್ತಲು. ಶನಿವಾರ ಬ್ಲೌಸ್ ತಗೊಂಡು ಹೋಗೋಕೆ ಹೇಳಿದ್ದಾರೆ. ಭಾನುವಾರ ದೋಸೆ ಇದೆ, ಅದರ ಮೊದಲೇ ಹಾಕಿ ನೋಡಬೇಕು.