ಗಿಟಾರ್ ಪಿಸುಗುಡುವಾಗ ಸ್ವಲ್ಪ ಸುಮ್ನಿರೋಣ

ಹೋದ ಶನಿವಾರ ಇಂದಿರಾನಗರದ ಒಂದು ಪಬ್ಬಿಗೆ ಪೋಸ್ಟ್-ರಾಕ್ ಬ್ಯಾಂಡ್ ಕೇಳೋಕೆ ಹೋಗಿದ್ದೆ. ಇಬ್ಬರು ಗಿಟಾರ್, ಒಬ್ಬರು ಬೇಸ್, ಒಬ್ಬರು ಡ್ರಮ್ಸ್. ಹಾಡುವವರು ಯಾರೂ ಇಲ್ಲ. ಇದ್ದ ಒಂದು ಮೈಕು ನಮಸ್ಕಾರ ಹೇಳೋಕೆ ಮಾತ್ರ.

ಮೂರನೇ ಟ್ರ್ಯಾಕ್. ಒಂದೇ ಗಿಟಾರ್ ನಾಲ್ಕೇ ಸ್ವರ ನುಡಿಸುತ್ತಿದೆ, ಡಿಲೇ ಪೆಡಲ್ ಆ ಸ್ವರಗಳನ್ನೇ ಮತ್ತೆ ಮತ್ತೆ ವಾಪಸ್ ಕಳಿಸುತ್ತಿದೆ, ಡ್ರಮ್ಸ್ ನುಡಿಸುವವರು ಕೋಲು ಕೆಳಗಿಟ್ಟು ಸುಮ್ನೆ ಕೂತಿದ್ದಾರೆ. ಆಗ ನನ್ನ ಹಿಂದಿನ ಟೇಬಲ್‌ನಲ್ಲಿ ಬಾಡಿಗೆ ಮನೆಯ ಮಾತು ಶುರುವಾಯಿತು. ಎರಡು ಬೆಡ್‌ರೂಮು, ಹತ್ತು ತಿಂಗಳ ಅಡ್ವಾನ್ಸು, ನೀರು ಬರಲ್ಲ. ಅದೆಲ್ಲ ಪೂರ್ತಿ ಕೇಳಿಸಿತು. ಆ ನಾಲ್ಕು ಸ್ವರ ಕೇಳಿಸಲಿಲ್ಲ.

ನನಗೆ ನಿಜಕ್ಕೂ ಬೇಜಾರಾಗಿದೆ. ಅದಕ್ಕೇ ಈ ವಿಡಿಯೋ.

ಈ ಸಂಗೀತ ಕೇಳದವರಿಗೆ ಚಿಕ್ಕದಾಗಿ ಹೇಳುತ್ತೇನೆ. ವಾದ್ಯಗಳು ರಾಕ್‌ನವೇ, ಆದರೆ ಪಲ್ಲವಿ, ಚರಣ ಅಂತ ಇರಲ್ಲ. 1994ರಲ್ಲಿ ಸೈಮನ್ ರೆನಾಲ್ಡ್ಸ್ ಅನ್ನುವ ಬ್ರಿಟಿಷ್ ವಿಮರ್ಶಕರು ಪೋಸ್ಟ್-ರಾಕ್ ಅನ್ನುವ ಹೆಸರನ್ನು ಬಳಕೆಗೆ ತಂದರು. ಆಮೇಲೆ ಗ್ಲಾಸ್ಗೋದ ಮೊಗ್ವಾಯ್, ಟೆಕ್ಸಸ್‌ನ ಎಕ್ಸ್‌ಪ್ಲೋಷನ್ಸ್ ಇನ್ ದ ಸ್ಕೈ, ಟೋಕಿಯೋದ ಮೋನೋ ಥರದ ಬ್ಯಾಂಡುಗಳು ಇದರಲ್ಲಿ ದೊಡ್ಡ ಹೆಸರು ಮಾಡಿದವು. ಏಪ್ರಿಲ್ ಮಳೆ ನೋಡಿದ್ದೀರಲ್ವಾ? ಮೊದಲು ಗಾಳಿ, ಆಮೇಲೆ ಒಂದೊಂದೇ ಹನಿ, ಎಂಟು ಹತ್ತು ನಿಮಿಷದಲ್ಲಿ ಧೋ ಅಂತ ಸುರಿಯುತ್ತದೆ. ಇದೂ ಹಾಗೇ. ಹನಿ ಕೇಳಿಸಿಕೊಳ್ಳದವರಿಗೆ ಕೊನೆಗೆ ಬರುವುದು ಬರೀ ಗಲಾಟೆ.

ಮಾತಿಲ್ಲದ ಸಂಗೀತ ನಮ್ಮೂರಿಗೇನು ಹೊಸದಲ್ಲ. ಚಾಮರಾಜಪೇಟೆಯಲ್ಲಿ ರಾಮನವಮಿ ಕಚೇರಿಗಳು 1939ರಿಂದ ನಡೆಯುತ್ತಿವೆ. ಚಿಕ್ಕವನಿದ್ದಾಗ ಅಜ್ಜಿ ಜೊತೆ ಹೋಗುತ್ತಿದ್ದೆ. ಸಾಹಿತ್ಯವೇ ಇಲ್ಲದ ತೋಡಿ ರಾಗದ ಆಲಾಪನೆ ಅರ್ಧ ಗಂಟೆ ನಡೆದರೂ ಅಜ್ಜಿ ಕಣ್ಣು ಮುಚ್ಚಿ ಕೂತಿರೋರು, ನಾನು ಬಾಯಿ ತೆಗೆದರೆ ತೊಡೆ ಚಿವುಟೋರು. ಹಾಗಂತ ಅಲ್ಲಿ ಎಲ್ಲರೂ ಹಾಗೇ ಅಂತಲ್ಲ. ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ಕಾಫಿಗೆ ಏಳುವವರಿದ್ದಾರೆ, ಮೃದಂಗದವರು ಅದನ್ನು ನೋಡುತ್ತಲೇ ನುಡಿಸಬೇಕು. ಅದೂ ತಪ್ಪೇ.

ಆದರೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ ನೋಡಿ. ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡಲ್ಲ, ಫೋನ್ ಸದ್ದಾದರೆ ಅಕ್ಕಪಕ್ಕದವರೇ ತಿರುಗಿ ನೋಡುತ್ತಾರೆ. ನಾವು ಇದೇ ಬೆಂಗಳೂರಿನ ಜನವೇ ಅಲ್ವಾ ಅಲ್ಲಿ ಕೂರುವುದು?

ಪಬ್ ಅಂದಮೇಲೆ ಮಾತು ಇರುತ್ತೆ, ಊಟ, ಬಿಯರ್ ಮಾರಿದರೇ ಬ್ಯಾಂಡಿಗೆ ಜಾಗ ಸಿಗುವುದು, ಇದೆಲ್ಲ ನನಗೂ ಗೊತ್ತು. ಜೋರಾಗಿ ನುಡಿಸುವಾಗ ಎಷ್ಟು ಬೇಕಾದರೂ ಮಾತಾಡಿ. ಮೆಲ್ಲಗಾದಾಗ ಮಾತ್ರ ಎರಡು ನಿಮಿಷ ತಡೆದುಕೊಳ್ಳಿ, ಆಗದಿದ್ದರೆ ಹೊರಗಿನ ಮೆಟ್ಟಿಲ ಹತ್ತಿರ ನಿಂತು ಮುಗಿಸಿ ಬನ್ನಿ. ಆ ನಾಲ್ವರು ಆ ಮೆಲುದನಿಗೆ ತಿಂಗಳುಗಟ್ಟಲೆ ಕಷ್ಟಪಟ್ಟಿರುತ್ತಾರೆ.

ಇನ್ನೊಂದು ಮಾತು. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಅಂತ ಲೆಕ್ಕ ಇದ್ದರೆ, 100 ಡೆಸಿಬಲ್‌ಗೆ ಅದು ಬರೀ 15 ನಿಮಿಷ. ಒಮ್ಮೆ ಸ್ಪೀಕರ್ ಪಕ್ಕದಲ್ಲೇ ನಿಂತು ಬಂದು ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಆವತ್ತಿಂದ ಜೇಬಲ್ಲಿ ಇಯರ್‌ಪ್ಲಗ್ ಇಲ್ಲದೆ ಮನೆ ಬಿಡಲ್ಲ.

ಶನಿವಾರ ಕೊನೆಯ ಟ್ರ್ಯಾಕ್ ಹೊತ್ತಿಗೆ ಹಿಂದಿನ ಟೇಬಲ್‌ನವರು ಮೆಟ್ರೋ ತಪ್ಪುತ್ತೆ ಅಂತ ಎದ್ದು ಹೋದರು. ಅರ್ಧ ಹಾಲ್ ಖಾಲಿ. ಗಿಟಾರ್ ಮತ್ತೆ ಒಂಟಿಯಾಗಿ ಶುರುವಾಯಿತು. ಈ ಸಲ ಪಿಕ್ ತಂತಿಗೆ ತಾಗುವ ಸಣ್ಣ ಟಿಕ್ ಕೂಡ ಕೇಳಿಸಿತು. ನನ್ನ ಬಿಲ್ ತರುತ್ತಿದ್ದ ವೇಟರ್ ಟ್ರೇ ಹಿಡಿದುಕೊಂಡೇ ಕಂಬದ ಪಕ್ಕ ನಿಂತುಬಿಟ್ಟರು, ಡ್ರಮ್ಸ್ ಶುರುವಾಗುವವರೆಗೂ ಅಲ್ಲಿಂದ ಕದಲಲಿಲ್ಲ.