ಆಗಿನ ಜನ ಹೀಗೇ ಓಡೋಡಿ ನಡೀತಿದ್ರಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ದಿನಗಳ ಹಿಂದೆ ನಾನೂ ನನ್ನ ಅಣ್ಣನ ಮಗಳೂ ಕೂತು ಮೊದಲ ಮಹಾಯುದ್ಧದ ಒಂದು ಸಾಕ್ಷ್ಯಚಿತ್ರ ನೋಡುತ್ತಿದ್ದೆವು. ಅವಳಿಗೆ ಈಗ 15 ವರ್ಷ. ಕಪ್ಪು ಬಿಳುಪು ಚಿತ್ರ. ಸೈನಿಕರು ಸಾಲಾಗಿ ಹೋಗುತ್ತಿದ್ದಾರೆ. ಕೆಲವರು ಕ್ಯಾಮೆರಾ ಕಡೆ ತಿರುಗಿ ನಗುತ್ತಾರೆ. ಒಬ್ಬ ಟೋಪಿ ತೆಗೆದು ಬೀಸುತ್ತಾನೆ. ಎಲ್ಲರದೂ ಕೀಲಿ ಕೊಟ್ಟ ಗೊಂಬೆಯ ನಡಿಗೆ, ಪಟಪಟ ಪಟಪಟ ಅಂತ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಅತ್ತೆ, ಆಗಿನ ಜನ ಹೀಗೇ ಓಡೋಡಿ ನಡೀತಿದ್ರಾ?"

ನಾನು ಚಿತ್ರವನ್ನು ಅಲ್ಲೇ ನಿಲ್ಲಿಸಿದೆ. ಎಷ್ಟೋ ವರ್ಷದಿಂದ ಇಂಥ ಚಿತ್ರಗಳನ್ನು ನೋಡುತ್ತ ಬಂದಿದ್ದೇನೆ. ಒಂದು ಸಲವೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಹಳೇ ಚಿತ್ರ ಅಂದರೆ ಹೀಗೇ ಇರುತ್ತದೆ ಎಂದು ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೆ.

ಕಾರಣ ಸರಳವಾದದ್ದು. ಆಗಿನ ಹೆಚ್ಚಿನ ಕ್ಯಾಮೆರಾಗಳಿಗೆ ಪಕ್ಕದಲ್ಲಿ ಒಂದು ಹಿಡಿ ಇರುತ್ತಿತ್ತು. ಚಿತ್ರ ತೆಗೆಯುವವನು ಅದನ್ನು ಕೈಯಿಂದ ತಿರುಗಿಸುತ್ತಲೇ ಇರಬೇಕು. ಹಾಗೆ ತಿರುಗಿಸಿದರೆ ಸೆಕೆಂಡಿಗೆ ಸುಮಾರು 16 ಚಿತ್ರ ಬೀಳುತ್ತಿದ್ದವು. ಕೈ ಸೋತರೆ ಇನ್ನೂ ಕಡಿಮೆ. ಆಮೇಲೆ ಬಂದ, ಚಿತ್ರ ತೋರಿಸುವ ಯಂತ್ರಗಳು ಸೆಕೆಂಡಿಗೆ 24 ಚಿತ್ರ ಓಡಿಸುವಂಥವು. ಹಳೇ ಸುರುಳಿಯನ್ನು ಅದಕ್ಕೆ ಹಾಕಿದರೆ ಏನಾಗುತ್ತದೆ? ಎಲ್ಲರೂ ಒಂದೂವರೆ ಪಟ್ಟು ಬೇಗ ನಡೆಯುತ್ತಾರೆ. ಸಾವಿನ ಕಡೆ ಹೊರಟವರು ನಮ್ಮ ಕಣ್ಣಿಗೆ ತಮಾಷೆಯ ಗೊಂಬೆಗಳಾಗಿ ಕಂಡದ್ದು ಹೀಗೆ. ಇದನ್ನೆಲ್ಲ ಹೇಳಿದ ಮೇಲೆ ಅವಳು ಒಂದು ಮಾತು ಅಂದಳು: "ಹಾಗಾದ್ರೆ ಅವರೂ ನಮ್ಮ ಹಾಗೇ ನಡೀತಿದ್ರು."

ಈ ಒಂದು ಮಾತಿಗಾಗಿಯೇ ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ಈಗಿನ ಮಕ್ಕಳಿಗೆ ಇತಿಹಾಸವೇ ಗೊತ್ತಿಲ್ಲ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ, ಆಡಿಯೂ ಇರುತ್ತೀರಿ. ಅದು ಪೂರ್ತಿ ಸುಳ್ಳೇನೂ ಅಲ್ಲ. 2020ರಲ್ಲಿ ಅಮೆರಿಕದ 50 ರಾಜ್ಯಗಳಲ್ಲಿ 18ರಿಂದ 39 ವರ್ಷದವರನ್ನು, ಹಿಟ್ಲರನ ಜರ್ಮನಿ ಎರಡನೇ ಮಹಾಯುದ್ಧದ ಕಾಲದಲ್ಲಿ ನಡೆಸಿದ ಯಹೂದಿಗಳ ಹತ್ಯಾಕಾಂಡದ ಬಗ್ಗೆ ಕೇಳಿದರು. ಸತ್ತವರು 60 ಲಕ್ಷ ಎಂಬುದು 100ರಲ್ಲಿ 63 ಮಂದಿಗೆ ಗೊತ್ತಿರಲಿಲ್ಲ. ಅವರನ್ನು ಕೂಡಿಹಾಕಿದ ಒಂದೇ ಒಂದು ಶಿಬಿರದ ಹೆಸರನ್ನೂ ಹೇಳಲಾಗದವರು ಹೆಚ್ಚುಕಡಿಮೆ ಅರ್ಧದಷ್ಟಿದ್ದರು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದರೆ ಇನ್ನೊಂದು ಪರೀಕ್ಷೆಯ ಸುದ್ದಿಯೂ ಇದೆ. ಅದೇ ಅಮೆರಿಕದ ಟೆಕ್ಸಾಸ್‌ನಲ್ಲಿ ಸುಮಾರು 1,500 ವಿದ್ಯಾರ್ಥಿಗಳಿಗೆ ತಮ್ಮದೇ ದೇಶದ ಇತಿಹಾಸದ ಬಗ್ಗೆ ಪ್ರಶ್ನೆ ಕೊಟ್ಟಿದ್ದರು. ಹೈಸ್ಕೂಲಿನ ಮಕ್ಕಳು ಸರಿ ಹೇಳಿದ್ದು 100ಕ್ಕೆ 33. ಕಾಲೇಜಿನವರು ಕೂಡ 50 ಮುಟ್ಟಲಿಲ್ಲ. ಈ ಫಲಿತಾಂಶ ಅಚ್ಚಾದದ್ದು ಯಾವ ವರ್ಷ ಗೊತ್ತೇ? 1917. ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಮೊಬೈಲು ಬಿಡಿ, ರೇಡಿಯೋ ಕೂಡ ಮನೆಮನೆಗೆ ಬಂದಿರದ ಕಾಲ. ಇಸವಿ, ಹೆಸರು, ಅಂಕಿ ಮರೆಯುವುದು ಈ ಕಾಲದ ರೋಗ ಅಲ್ಲ. ನನ್ನ ಅಣ್ಣನ ಮಗಳಿಗೂ ಯುದ್ಧ ಶುರುವಾದದ್ದು 1914ರಲ್ಲಿ ಎಂದು ಗೊತ್ತಿರಲಿಲ್ಲ. ಹೇಳಿದೆ. ಮತ್ತೆ ಮರೆತರೂ ನನಗೆ ಬೇಜಾರಿಲ್ಲ. ಬೇಕಾದಾಗ ಹುಡುಕಿಕೊಳ್ಳುತ್ತಾಳೆ.

ನಿಜವಾಗಿ ಕೈತಪ್ಪಿ ಹೋಗುತ್ತಿರುವುದು ಬೇರೆ. ಎದುರಿಗೆ ಕೂತು "ನೀವು ಆಗ ಏನು ಮಾಡ್ತಿದ್ರಿ?" ಎಂದು ಕೇಳಬಹುದಾಗಿದ್ದ ಜನ ಹೋಗುತ್ತಿದ್ದಾರೆ.

ಬ್ರಿಟನ್ನಿನ ಟಿವಿಯಲ್ಲಿ 1973ರಲ್ಲಿ 'ದಿ ವರ್ಲ್ಡ್ ಅಟ್ ವಾರ್' ಎಂಬ 26 ಕಂತಿನ ಸರಣಿ ಬಂತು. ಎರಡನೇ ಮಹಾಯುದ್ಧ ಮುಗಿದು ಆಗ ಬರೀ 28 ವರ್ಷ. ಯುದ್ಧ ಕಂಡವರು ಇನ್ನೂ ನಡುವಯಸ್ಸಿನಲ್ಲಿದ್ದರು, ನೆನಪು ಹಸಿಯಾಗಿತ್ತು. ಹಿಟ್ಲರನ ಆಪ್ತ ಕಾರ್ಯದರ್ಶಿಯಾಗಿದ್ದ ಹೆಂಗಸು ಕ್ಯಾಮೆರಾ ಮುಂದೆ ಕೂತು ಮಾತಾಡಿದಳು. ಅವನ ಮಂತ್ರಿ ಆಲ್ಬರ್ಟ್ ಸ್ಪೀರ್ ಮಾತಾಡಿದ. ಸಾಮಾನ್ಯ ಸೈನಿಕರು, ಬಾಂಬಿಗೆ ಮನೆ ಕಳೆದುಕೊಂಡವರು ಮಾತಾಡಿದರು. ಸರಣಿ ಶುರುವಾಗುವುದು ಫ್ರಾನ್ಸಿನ ಒರಾಡೂರ್ ಎಂಬ ಪಾಳುಬಿದ್ದ ಊರಿನಿಂದ. 1944ರ ಜೂನ್ 10ರಂದು ಅಲ್ಲಿ ಜರ್ಮನ್ ಸೈನಿಕರು 640ಕ್ಕೂ ಹೆಚ್ಚು ಜನರನ್ನು ಕೊಂದರು. ಸುಟ್ಟ ಊರನ್ನು ಸುಟ್ಟ ಹಾಗೇ ಇವತ್ತಿಗೂ ಉಳಿಸಿಕೊಂಡಿದ್ದಾರೆ. ಇವತ್ತು ಅಂಥದೇ ಸರಣಿ ಹೊಸದಾಗಿ ಮಾಡಲು ಹೊರಟರೆ ಮಾತಾಡಲು ಯಾರಿದ್ದಾರೆ? 1945ರಲ್ಲಿ 20 ವರ್ಷ ಆಗಿದ್ದವರಿಗೆ ಈಗ 100 ದಾಟಿದೆ.

ಇಲ್ಲಿ ಹ್ಯಾರಿ ಪ್ಯಾಚ್ ಎಂಬ ಅಜ್ಜನನ್ನು ನೆನೆಯಬೇಕು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೈನಿಕರಾಗಿ, 1917ರಲ್ಲಿ ಬೆಲ್ಜಿಯಂನ ಪ್ಯಾಶನ್‌ಡೇಲ್ ಕೆಸರಿನಲ್ಲಿ ಹೋರಾಡಿದವರು. ಯುದ್ಧ ಮುಗಿದ ಮೇಲೆ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಎಂಬತ್ತು ವರ್ಷ ಒಳಗೇ ಇಟ್ಟುಕೊಂಡರು. ಅವರಿಗೆ 100 ತುಂಬಿದಾಗ ಸಾಕ್ಷ್ಯಚಿತ್ರದವರು ಹುಡುಕಿಕೊಂಡು ಹೋದರು. ಆಗ ಮಾತು ಹೊರಗೆ ಬಂತು. 2009ರ ಜುಲೈನಲ್ಲಿ, 111ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಯುದ್ಧದ ಕಂದಕಗಳಲ್ಲಿ ಕಾದಾಡಿದವರಲ್ಲಿ ಕೊನೆಯವರು ಅವರು. ಯಾರೂ ಹೋಗಿ ಕೇಳದೇ ಇದ್ದಿದ್ದರೆ ಆ ಮಾತುಗಳೂ ಅವರ ಜೊತೆಗೇ ಮಣ್ಣಾಗುತ್ತಿದ್ದವು, ಅಲ್ವಾ?

ಸಾಕ್ಷಿಗಳು ಹೋದ ಮೇಲೆ ಉಳಿಯುವುದು ಚಿತ್ರ. ಚಿತ್ರಕ್ಕೆ ಅಡ್ಡಪ್ರಶ್ನೆ ಹಾಕಿದರೆ ತಾನಾಗಿ ಬಾಯಿ ಬಿಡುವುದಿಲ್ಲ. ಅದನ್ನು ಬಾಯಿ ಬಿಡಿಸಲು ಕಲಿಯಬೇಕು.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಳಿ ಬ್ರಿಟಿಷರು ದೊಡ್ಡ ದಾಳಿ ಶುರು ಮಾಡಿದರು. ಆ ಒಂದೇ ದಿನ ಅವರ ಕಡೆ ಸತ್ತವರು 19,240. ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿದರೆ 57,000 ದಾಟುತ್ತದೆ. ಜೆಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮ್ಯಾಕ್‌ಡೊವೆಲ್ ಎಂಬ ಇಬ್ಬರು ಕ್ಯಾಮೆರಾ ಹಿಡಿದು ಅಲ್ಲಿದ್ದರು. ಅವರು ತೆಗೆದದ್ದನ್ನು ಜೋಡಿಸಿ 'ದಿ ಬ್ಯಾಟಲ್ ಆಫ್ ದಿ ಸೋಮ್' ಎಂಬ ಚಿತ್ರವನ್ನು ಅದೇ ಆಗಸ್ಟ್‌ನಲ್ಲಿ ತೆರೆಗೆ ತಂದರು. ಕಾದಾಟ ಇನ್ನೂ ಮುಗಿದಿರಲಿಲ್ಲ. ಆರೇ ವಾರದಲ್ಲಿ ಸುಮಾರು 2 ಕೋಟಿ ಟಿಕೆಟ್ ಹೋದವು. ತಮ್ಮ ಮಗ ಎಲ್ಲಾದರೂ ಕಾಣುತ್ತಾನೇನೋ ಎಂದು ನೋಡಲು ಹೋದ ತಾಯಂದಿರು ಎಷ್ಟು ಮಂದಿಯೋ.

ಈ ಚಿತ್ರದಲ್ಲಿ ಒಂದು ದೃಶ್ಯವಿದೆ. ಸೈನಿಕರು ಕಂದಕದಿಂದ ಹತ್ತಿ ಮೇಲೆ ಹೋಗುತ್ತಾರೆ. ಒಬ್ಬ ಅಂಚಿನಲ್ಲೇ ಕುಸಿದು ಕೆಳಕ್ಕೆ ಜಾರುತ್ತಾನೆ. ಉಳಿದವರು ಹಿಂದಿರುಗಿ ನೋಡದೆ ಹೊಗೆಯಲ್ಲಿ ಮರೆಯಾಗುತ್ತಾರೆ. ನೂರಾರು ಸಾಕ್ಷ್ಯಚಿತ್ರಗಳಲ್ಲಿ ಇದನ್ನೇ ಮತ್ತೆ ಮತ್ತೆ ಬಳಸಿದ್ದಾರೆ. ಮೊದಲ ಮಹಾಯುದ್ಧ ಅಂದ ಕೂಡಲೇ ಎಷ್ಟೋ ಜನರ ಕಣ್ಣಿಗೆ ಬರುವುದು ಇದೇ. ಆದರೆ ಇದು ನಿಜವಾದ ದಾಳಿ ಅಲ್ಲ. ಯುದ್ಧಭೂಮಿಯಿಂದ ಹಿಂದೆ, ತರಬೇತಿಯ ಜಾಗದಲ್ಲಿ ಮಾಡಿಸಿ ತೆಗೆದದ್ದು. ಗಮನವಿಟ್ಟು ನೋಡಿದರೆ ಗೊತ್ತಾಗುತ್ತದೆ. ಕಂದಕ ಆಳವಿಲ್ಲ. ದಾಳಿಗೆ ಹೋಗುವವರ ಬೆನ್ನ ಮೇಲೆ ಇರಬೇಕಾದ ಹೊರೆ ಇಲ್ಲ. ನಿಜವಾದ ದಾಳಿಯಾಗಿದ್ದರೆ ಕ್ಯಾಮೆರಾದವನು ನಿಂತ ಜಾಗದಲ್ಲಿ ಅವನು ಬದುಕಿ ಉಳಿಯುವಂತಿರಲಿಲ್ಲ.

ಅದೇ ಚಿತ್ರದಲ್ಲಿ ಇನ್ನೊಂದು ದೃಶ್ಯ. ಒಬ್ಬ ಸೈನಿಕ ಗಾಯಗೊಂಡವನನ್ನು ಬೆನ್ನ ಮೇಲೆ ಹೊತ್ತು ಇಕ್ಕಟ್ಟಾದ ಕಂದಕದಲ್ಲಿ ನಮ್ಮ ಕಡೆಗೆ ಬರುತ್ತಾನೆ. ಹತ್ತಿರ ಬಂದಾಗ ಅವನ ನೋಟ ನೇರ ಕ್ಯಾಮೆರಾಕ್ಕೆ ತಾಗುತ್ತದೆ. ಬೆನ್ನ ಮೇಲಿದ್ದವನು ಅರ್ಧ ಗಂಟೆಯಲ್ಲಿ ಸತ್ತ ಎಂದು ತೆರೆಯ ಮೇಲಿನ ಬರಹ ಹೇಳುತ್ತದೆ. ಇದನ್ನು ಯಾರೂ ಮಾಡಿಸಿದ್ದಲ್ಲ. ಒಂದೇ ಸುರುಳಿಯಲ್ಲಿ ಎರಡೂ ಇವೆ. ಮಾಡಿಸಿದ್ದು ಜಾಸ್ತಿ ಪ್ರಸಿದ್ಧಿಯಾಯಿತು, ಯಾಕೆಂದರೆ ಯುದ್ಧ ಹೇಗಿರಬೇಕೆಂದು ನಾವು ಅಂದುಕೊಂಡಿದ್ದೆವೋ ಹಾಗೆ ಅದು ಕಂಡಿತು.

ಇವೆರಡನ್ನೂ ಒಂದಾದ ಮೇಲೊಂದು ತೋರಿಸಿ, ಯಾವುದು ನಿಜ ಹೇಳು ಎಂದು ನನ್ನ ಅಣ್ಣನ ಮಗಳನ್ನು ಕೇಳಿದೆ. ಅವಳು ತಪ್ಪು ಹೇಳಿದಳು. ಆಮೇಲೆ ತಾನೇ ಹಿಂದಕ್ಕೆ ಓಡಿಸಿ ಮೂರು ಸಲ ನೋಡಿದಳು. "ಕ್ಯಾಮೆರಾದವನು ಎಲ್ಲಿ ನಿಂತಿದ್ದಾನೆ?" ಎಂದು ಕೇಳಿದ್ದು ಅವಳೇ. ನಾನು ಹೇಳಿಕೊಟ್ಟಿರಲಿಲ್ಲ.

ಅದೇ ಪ್ರಶ್ನೆಯಿಂದ ಇನ್ನೊಂದು ಹುಟ್ಟುತ್ತದೆ. ಕ್ಯಾಮೆರಾ ಎಲ್ಲಿಗೆ ಹೋಗಲೇ ಇಲ್ಲ? ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರು 10 ಲಕ್ಷಕ್ಕೂ ಹೆಚ್ಚು. ಇವತ್ತಿನ ಇರಾಕಿನ ಕುಟ್ ಪಟ್ಟಣದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು 147 ದಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು, ಹಸಿವಿನಲ್ಲಿ ನರಳಿ, 1916ರ ಏಪ್ರಿಲ್‌ನಲ್ಲಿ ಶರಣಾದರು. ಪೂರ್ವ ಆಫ್ರಿಕಾದಲ್ಲಿ ಸೈನ್ಯದ ಮೂಟೆ ಹೊತ್ತು ಹೊತ್ತು ಸತ್ತ ಕೂಲಿಗಳು ಹತ್ತಾರು ಸಾವಿರ. ಫ್ರಾನ್ಸಿನ ಕಂದಕಗಳನ್ನು ನೂರು ಸಲ ನೋಡಿದ ನಮಗೆ ಇವರ ಮುಖಗಳು ಎಷ್ಟು ನೆನಪಿವೆ?

ಚಿತ್ರ ತೆಗೆದೂ ಮುಚ್ಚಿಟ್ಟದ್ದಿದೆ. ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದ ಮೇಲೆ ಜಪಾನಿನ ಚಿತ್ರತಂಡವೊಂದು ಅಲ್ಲಿಗೆ ಹೋಗಿ ಸುಟ್ಟ ಮೈಗಳನ್ನು, ಆಸ್ಪತ್ರೆಗಳನ್ನು ಚಿತ್ರೀಕರಿಸಿತು. ಅಮೆರಿಕದ ಆಡಳಿತ ಆ ಸುರುಳಿಗಳನ್ನು ವಶಕ್ಕೆ ತೆಗೆದುಕೊಂಡಿತು. ಅದರ ಪ್ರತಿ ಜಪಾನಿಗೆ ಮರಳಿದ್ದು 1967ರಲ್ಲಿ. 1970ರಲ್ಲಿ ಅದರಿಂದ 16 ನಿಮಿಷದ ಒಂದು ಚಿತ್ರ ಅಮೆರಿಕದಲ್ಲೇ ಬಂತು. ಅಷ್ಟರಲ್ಲಿ ಒಂದು ಇಡೀ ಪೀಳಿಗೆ ಆಕಾಶದ ಅಣಬೆ ಮೋಡವನ್ನು ಮಾತ್ರ ನೋಡಿ ಬೆಳೆದಿತ್ತು. ಮೋಡದ ಕೆಳಗೆ ಇದ್ದವರನ್ನು ನೋಡಿರಲಿಲ್ಲ. ಆ ಪೀಳಿಗೆಗೆ ತಿಳಿಯದೇ ಹೋದದ್ದು ಅವರ ತಪ್ಪೇ?

ಈಗ ಮೌನದ ಬಗ್ಗೆ ಒಂದು ಮಾತು. ರೇಡಿಯೋದಲ್ಲಿ ಮೌನ ಕಷ್ಟದ ವಸ್ತು. ನಾಲ್ಕು ಸೆಕೆಂಡು ನಾನು ಸುಮ್ಮನಾದರೆ ನೀವು ಸೆಟ್ಟು ಕೆಟ್ಟಿತೇನೋ ಎಂದು ನೋಡುತ್ತೀರಿ. ಯಹೂದಿಗಳ ಹತ್ಯಾಕಾಂಡದ ಬಗ್ಗೆ ಕ್ಲೋದ್ ಲಾನ್ಸ್‌ಮನ್ ಅವರ 'ಶೋಆ' ಎಂಬ ಸಾಕ್ಷ್ಯಚಿತ್ರ 1985ರಲ್ಲಿ ಬಂತು. ಒಂಬತ್ತು ಗಂಟೆಗೂ ಜಾಸ್ತಿ ಉದ್ದ. ಅದರಲ್ಲಿ ಹಳೆಯ ಚಿತ್ರಸುರುಳಿಯ ಒಂದು ತುಣುಕೂ ಇಲ್ಲ. ಬರೀ ಈಗಿನ ಮುಖಗಳು, ಈಗಿನ ಜಾಗಗಳು. ಟ್ರೆಬ್ಲಿಂಕಾ ಶಿಬಿರದಲ್ಲಿ, ಸಾಯಿಸುವ ಮೊದಲು ಹೆಂಗಸರ ಕೂದಲು ಕತ್ತರಿಸುವ ಕೆಲಸಕ್ಕೆ ಹಚ್ಚಿದ್ದ ಒಬ್ಬ ಕ್ಷೌರಿಕರು ಅದರಲ್ಲಿ ಮಾತಾಡುತ್ತಾರೆ. ಮಾತಾಡುತ್ತಲೇ ಒಬ್ಬರ ಕೂದಲು ಕತ್ತರಿಸುತ್ತಿರುತ್ತಾರೆ. ಆ ಅಂಗಡಿಯನ್ನು ನಿರ್ದೇಶಕರು ಅದಕ್ಕೆಂದೇ ಬಾಡಿಗೆಗೆ ಹಿಡಿದಿದ್ದರು. ಹಾಗೆ ನೋಡಿದರೆ ಅದೂ ಏರ್ಪಾಡೇ. ಜೊತೆಯ ಕ್ಷೌರಿಕನೊಬ್ಬನ ಹೆಂಡತಿ, ತಂಗಿ ಅಲ್ಲಿಗೆ ಬಂದ ದಿನದ ಬಗ್ಗೆ ಹೇಳಲು ಹೋಗಿ ಅವರಿಗೆ ಮಾತು ನಿಲ್ಲುತ್ತದೆ. ತುಟಿ ಅಲುಗುತ್ತದೆ, ಮಾತು ಬರುವುದಿಲ್ಲ. ಕ್ಯಾಮೆರಾ ಕದಲುವುದಿಲ್ಲ. ನಾವು ಕಾಯುತ್ತೇವೆ. ಅಂಗಡಿ ಏರ್ಪಾಡಾಗಿರಬಹುದು, ಆ ಮೌನ ಮಾತ್ರ ಏರ್ಪಾಡಲ್ಲ.

ಈ ದೃಶ್ಯವನ್ನು ಮೊಬೈಲಿನ ಅರ್ಧ ನಿಮಿಷದ ತುಣುಕಿಗೆ ಇಳಿಸುವವರು ಮೊದಲು ಕತ್ತರಿಸುವುದು ಆ ಮೌನವನ್ನೇ. ಮಕ್ಕಳು ಮೊಬೈಲು ನೋಡುತ್ತಾರೆ ಎಂಬುದು ನನ್ನ ಚಿಂತೆ ಅಲ್ಲ. ಅವರಿಗೆ ಸಿಗುವ ಯುದ್ಧದಲ್ಲಿ ಕಾಯುವಿಕೆ ಇಲ್ಲ, ಕೆಸರಿಲ್ಲ, ಬೇಸರವಿಲ್ಲ. ಎಲ್ಲವೂ ಸ್ಫೋಟವೇ. ಈಗಂತೂ ಹುಟ್ಟೇ ಇಲ್ಲದ ಜನರ ಹಳೇ ಫೋಟೋಗಳನ್ನು ಕಂಪ್ಯೂಟರು ಮಾಡಿಕೊಡುತ್ತದೆ. ಶಿಬಿರದಲ್ಲಿ ಸತ್ತವರು ಎಂದು ಅಂಥ ಚಿತ್ರಗಳನ್ನು ಹಂಚುತ್ತಿದ್ದಾರೆ ಎಂದು ಆಶ್ವಿಟ್ಸ್ ಶಿಬಿರದ ಸ್ಮಾರಕದವರೇ 2025ರಲ್ಲಿ ಎಚ್ಚರಿಸಬೇಕಾಯಿತು. ನಿಜವಾಗಿ ಸತ್ತವರಿಗೆ ಹೆಸರಿತ್ತು, ಮುಖವಿತ್ತು. ಅವರ ಜಾಗದಲ್ಲಿ ಇಲ್ಲದವರನ್ನು ತಂದು ಕೂರಿಸಿದರೆ ಅವರನ್ನು ಇನ್ನೊಂದು ಸಲ ಅಳಿಸಿದ ಹಾಗೆ.

ಅದಕ್ಕೇ ಮನೆಯಲ್ಲಿ ಮಕ್ಕಳಿದ್ದರೆ "ಹೋಗಿ ಯುದ್ಧದ ಚಿತ್ರ ನೋಡು, ಬುದ್ಧಿ ಬರುತ್ತೆ" ಎಂದು ಕಳಿಸಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ಮಧ್ಯೆ ನಿಲ್ಲಿಸಿ. ನಿಮಗೆ ಉತ್ತರ ಗೊತ್ತಿರಲೇಬೇಕು ಎಂದೇನಿಲ್ಲ. ಈ ಗುಂಡಿನ ಸದ್ದು ಎಲ್ಲಿಂದ ಬಂತು ಎಂದು ಕೇಳಿ ನೋಡಿ. ಮೊದಲ ಮಹಾಯುದ್ಧದ ಚಿತ್ರಗಳೆಲ್ಲ ಮೂಕಿ. ನಮಗೆ ಕೇಳುವ ಒಂದೊಂದು ಗುಂಡಿನ ಸದ್ದೂ ಆಮೇಲೆ ಸೇರಿಸಿದ್ದು.

ಅವತ್ತು ಕೊನೆಗೆ ಅವಳಿಗೆ ಹಳೇ ಫಿಲ್ಮಿನ ಒಂದು ಪಟ್ಟಿ ತೋರಿಸಿದೆ. ಶತ್ರುವಿನ ಫಿರಂಗಿ ಎಲ್ಲಿದೆ ಎಂದು ಪತ್ತೆ ಮಾಡಲು ಆಗ ದೂರ ದೂರ ಮೈಕುಗಳನ್ನು ಇಟ್ಟು, ಸದ್ದನ್ನು ಫಿಲ್ಮಿನ ಮೇಲೆ ಗೆರೆಗಳಾಗಿ ಮೂಡಿಸುತ್ತಿದ್ದರು. 1918ರ ನವೆಂಬರ್ 11, ಬೆಳಿಗ್ಗೆ 11 ಗಂಟೆಗೆ ಯುದ್ಧ ನಿಂತ ಹೊತ್ತಿನ ಅಂಥ ಪಟ್ಟಿ ಅಮೆರಿಕದ ಸೈನ್ಯದವರದ್ದು ಉಳಿದಿದೆ. ಆರು ಗೆರೆಗಳು. ಎಡಗಡೆ, 11ಕ್ಕೆ ಒಂದು ನಿಮಿಷ ಮುಂಚೆ, ಗೆರೆಗಳು ನಡುಗುತ್ತವೆ, ಕುಣಿಯುತ್ತವೆ. ಬಲಗಡೆ, ಒಂದು ನಿಮಿಷ ಆದ ಮೇಲೆ, ಆರೂ ನೆಟ್ಟಗೆ ಮಲಗಿವೆ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಬಲಗಡೆಯ ಒಂದು ಗೆರೆಯ ಮೇಲೆ ಬೆರಳಿಟ್ಟಳು. ಅಲ್ಲಿ ಎರಡು ಸಣ್ಣ ಉಬ್ಬು. "ಎಲ್ಲಾ ನಿಂತ ಮೇಲೂ ಇದೇನು ಅತ್ತೆ?"

ಯಾರೋ ಒಬ್ಬ ಸೈನಿಕ ಖುಷಿ ತಡೆಯಲಾರದೆ ಮೈಕಿನ ಪಕ್ಕದಲ್ಲೇ ಪಿಸ್ತೂಲು ಎರಡು ಸಲ ಹಾರಿಸಿದನಂತೆ ಎಂದು ಹೇಳಿದೆ.

"ಅವನ ಹೆಸರು ಬರೆದಿಲ್ವಾ?" ಎಂದಳು.

ನಮಸ್ಕಾರ.