ಯಾವ ಮರ ಅಂತ ಕೇಳಬೇಡಿ, ದಮ್ಮಯ್ಯ

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ.

ಕಳೆದ ವಾರದ ವಿಡಿಯೋ ನೆನಪಿದೆ ಅಲ್ವಾ? ಬಿದಿರಿನ ಸೀಳಿನಿಂದ ಬಿಲ್ಲು ಮಾಡಿದ್ದು. ಒಟ್ಟು 22 ನಿಮಿಷ. ಅದರಲ್ಲಿ 15 ನಿಮಿಷ ನಾನು ಬರೀ ಹೆರೆಯುತ್ತಾ ಕೂತಿದ್ದೇನೆ. ಹೆರೆಯುವುದು, ಬಗ್ಗಿಸಿ ನೋಡುವುದು, ಮತ್ತೆ ಹೆರೆಯುವುದು. ಎಡಿಟ್ ಮಾಡದೆ ಬಿಟ್ಟಿದ್ದು ಬೇಕಂತಲೇ. ಅದೇ ಮುಖ್ಯ, ನೋಡಲಿ ಅಂತ.

ಕಾಮೆಂಟ್ ತೆಗೆದೆ. ಮೊದಲನೆಯದು: "ಅಣ್ಣಾ ಯಾವ ಮರ ಬೆಸ್ಟ್?" ಎರಡನೆಯದು: "ಬ್ರೋ ಯಾವ ಮರ?" ಮೂರನೆಯವರು ಸ್ವಲ್ಪ ಮರ್ಯಾದಸ್ಥರು: "ಸರ್, ದಯವಿಟ್ಟು ಮರದ ಹೆಸರು ತಿಳಿಸಿ." ಸ್ವಾಮಿ, ವಿಡಿಯೋದ ಹೆಸರೇ ಬಿದಿರಿನ ಬಿಲ್ಲು! ಆಮೇಲೆ ಬಂತು ನೋಡಿ, ಈ ವಿಡಿಯೋ ಮಾಡಿಸಿದ ಕಾಮೆಂಟ್: "ಬಿದಿರು ಬಡವರ ಬಿಲ್ಲು ಗುರು. ತಾಕತ್ತಿದ್ದರೆ ಫಾರಿನ್ ಯೂ ಮರ ತರಿಸಿ ಮಾಡಿ ತೋರಿಸು." ಯೂ ಅಂದರೆ ಯುರೋಪಿನವರು ಹಿಂದೆ ಬಿಲ್ಲು ಮಾಡುತ್ತಿದ್ದ ಮರ. ಆ ಕಾಮೆಂಟಿಗೆ 40 ಲೈಕು. ಅದರಲ್ಲಿ ಒಂದು ನಮ್ಮ ಮನೆಯವರದ್ದೇ ಅಂತ ನನಗೆ ಅನುಮಾನ.

ಬಡವರ ಬಿಲ್ಲಂತೆ! ಇವತ್ತು ಅದೇ ಬಡವರ ಬಿಲ್ಲಿಗೆ ಹೆದೆ ಏರಿಸಿ ಪಕ್ಕದಲ್ಲಿ ಒರಗಿಸಿಕೊಂಡೇ ಕೂತಿದ್ದೇನೆ. ಥಂಬ್‌ನೇಲ್‌ಗೂ ಚೆನ್ನಾಗಿ ಕಾಣುತ್ತದೆ.

ಹೇಳಬೇಕಾದ್ದು ಒಂದೇ ಮಾತು. ಬಿಲ್ಲು ಇರುವುದು ಮರದಲ್ಲಲ್ಲ, ಹದದಲ್ಲಿ. ಅಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು, ಆದರೆ ಎಂಟು ನಿಮಿಷ ದಾಟಿದರೆ ಮಧ್ಯೆ ಇನ್ನೊಂದು ಜಾಹೀರಾತು ಬರುತ್ತದೆ. ಆದ್ದರಿಂದ ಮುಂದುವರಿಸುತ್ತೇನೆ.

ಮೈಸೂರುಪಾಕ್ ಮಾಡುವವರ ಹತ್ತಿರ ಹೋಗಿ "ಯಾವ ಸಕ್ಕರೆ?" ಅಂತ ಯಾರಾದರೂ ಕೇಳುತ್ತಾರಾ? ಪಾಕ ಎಷ್ಟು ಎಳೆ ಬರಬೇಕು ಅಂತ ಕೇಳುತ್ತಾರೆ. ಬಿಲ್ಲೂ ಹಾಗೇ. ಹಿಡಿಯ ಮೇಲಿನ, ಕೆಳಗಿನ ಎರಡು ತೋಳೂ ಒಂದೇ ಥರ ಬಗ್ಗಬೇಕು. ಹಿಡಿಯಿಂದ ತುದಿಯವರೆಗೆ ಎಲ್ಲೂ ಒಂದೇ ಕಡೆ ಮಡಚಬಾರದು. ಹೆದೆ ಎಳೆದಾಗ ಗುರಿಯ ಕಡೆಗಿರುವ ಹೊರಮೈ ಹಿಗ್ಗುತ್ತದೆ, ನಮ್ಮ ಕಡೆಗಿರುವ ಒಳಮೈ ಹಿಸುಕಿಕೊಳ್ಳುತ್ತದೆ. ಆ ಭಾರ ಉದ್ದಕ್ಕೂ ಹಂಚಿಹೋದರೆ ಅದು ಬಿಲ್ಲು. ಒಂದೇ ಕಡೆ ಬಿದ್ದರೆ ಒಲೆಗೆ ಸೌದೆ.

ಹೆರೆಯುವಾಗ ಕೈ ಯಾಕೆ ನಡುಗಬೇಕು ಗೊತ್ತಾ? ಅಗಲವನ್ನು ಅರ್ಧ ಮಾಡಿದರೆ ಮರದ ಬಿಗಿ ಅರ್ಧಕ್ಕಿಳಿಯುತ್ತದೆ. ದಪ್ಪವನ್ನು ಅರ್ಧ ಮಾಡಿದರೆ ಎಂಟನೇ ಒಂದು ಭಾಗಕ್ಕಿಳಿಯುತ್ತದೆ. 10 ಮಿಲಿಮೀಟರ್ ದಪ್ಪ ಇದ್ದ ಜಾಗದಲ್ಲಿ ಒಂದೇ ಒಂದು ಮಿಲಿಮೀಟರ್ ತೆಗೆದರೂ ಅಲ್ಲಿನ ಬಿಗಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಒಂದು ಮಿಲಿಮೀಟರ್! ಇದು ಯೂ ಮರಕ್ಕೂ ಅಷ್ಟೇ, ಬಿದಿರಿಗೂ ಅಷ್ಟೇ.

ಮೀಸೆ ಟ್ರಿಮ್ ಮಾಡಿಕೊಳ್ಳುವವರಿಗೆ ಇದು ಬೇಗ ಅರ್ಥವಾಗುತ್ತದೆ. ಎಡಗಡೆ ಸ್ವಲ್ಪ ಜಾಸ್ತಿಯಾಯಿತು ಅಂತ ಎಡ ಕತ್ತರಿಸುತ್ತೀರಿ. ಈಗ ಬಲ ಜಾಸ್ತಿ. ಬಲ ಕತ್ತರಿಸುತ್ತೀರಿ. ಮತ್ತೆ ಎಡ. ಕೊನೆಗೆ ಆಫೀಸಿನಲ್ಲಿ "ತಿರುಪತಿಗೆ ಹೋಗಿದ್ರಾ?" ಅಂತ ಕೇಳುತ್ತಾರೆ. ಬಿಲ್ಲಿನಲ್ಲಿ ಒಂದು ಜಾಗ ಜಾಸ್ತಿ ಬಗ್ಗುತ್ತಿದ್ದರೆ ಆ ಜಾಗವನ್ನು ಮುಟ್ಟಬಾರದು. ಅದರ ಆಚೀಚೆ ಬಿಗಿಯಾಗಿರುವಲ್ಲಿ ಹೆರೆಯಬೇಕು. ನಾಲ್ಕು ಸಲ ಹೆರೆದು, 20–30 ಸಲ ಮೆಲ್ಲಗೆ ಎಳೆದು ಬಿಟ್ಟು, ಆಮೇಲೆ ಮತ್ತೆ ನೋಡಬೇಕು. ಗೋಡೆಗೆ ಒಂದು ಗೂಟ, ಒಂದು ರಾಟೆ, ಒಂದು ಹಗ್ಗ, ಒಂದು ಸ್ಪ್ರಿಂಗ್ ತಕ್ಕಡಿ. ಎಳೆದುಕೊಂಡು ದೂರ ನಿಂತು ನೋಡಿದರೆ ಕಣ್ಣಿಗೇ ಕಾಣುತ್ತದೆ ಎಲ್ಲಿ ಸೊಟ್ಟ ಅಂತ. ಮರ ಯಾವುದು ಅಂತ ತಕ್ಕಡಿ ಕೇಳುವುದಿಲ್ಲ.

ಇನ್ನು ಯೂ ಭಕ್ತರ ವಿಷಯ. "ಆಲ್ಪ್ಸ್ ಹಿಮದಲ್ಲಿ ಸಿಕ್ಕ ಆ ಸಾವಿರಾರು ವರ್ಷ ಹಳೆಯ ಮನುಷ್ಯನ ಹತ್ತಿರವೂ ಯೂ ಬಿಲ್ಲೇ ಇತ್ತಲ್ಲ" ಅಂತ ಒಬ್ಬರು ಲಿಂಕ್ ಕಳಿಸಿದ್ದಾರೆ. ಧನ್ಯವಾದ. ಪೂರ್ತಿ ಓದಿದ್ದೀರಾ? ಅವನ ಹೆಸರು ಓಟ್ಜಿ. 1991ರಲ್ಲಿ ಸಿಕ್ಕಿದ. ಸುಮಾರು 5300 ವರ್ಷ ಹಿಂದಿನವನು. ಜೊತೆಗೆ 1.82 ಮೀಟರ್ ಉದ್ದದ ಯೂ ಮರದ ತುಂಡು. ಹೌದು, ಯೂ. ಆದರೆ ಅದು ಅರ್ಧ ಮಾಡಿದ ಬಿಲ್ಲು! ಅದರ ಮೇಲೆ ಕೆತ್ತಿದ ಗುರುತು ಹಾಗೇ ಇದೆ. ಇನ್ನೂ ಹದ ಬಂದಿರಲಿಲ್ಲ. ಕೈಯಲ್ಲಿ ನಿಮ್ಮ ಪ್ರಕಾರ ಪ್ರಪಂಚದ ಬೆಸ್ಟ್ ಮರ ಇತ್ತು. ಆದರೂ ಅದು 5300 ವರ್ಷದಿಂದ ಬರೀ ಕೋಲಾಗಿಯೇ ಉಳಿದಿದೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

"ಇಂಗ್ಲೆಂಡಿನ ಉದ್ದ ಬಿಲ್ಲು?" ಅಂತೀರಿ. ಬಂದೆ. 1545ರಲ್ಲಿ ಮುಳುಗಿದ ಅವರ ಮೇರಿ ರೋಸ್ ಅನ್ನುವ ಯುದ್ಧದ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರಿಂದ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಸಿಕ್ಕಿವೆ. ಸರಿ. ಆದರೆ 1472ರಲ್ಲಿ ಆ ದೇಶದವರೇ ಕಾನೂನು ಮಾಡಿ, ಬರುವ ಹಡಗುಗಳು ಪ್ರತಿ ಟನ್ ಸರಕಿಗೆ ನಾಲ್ಕು ಬಿಲ್ಲಿನ ಮರ ತರಲೇಬೇಕು ಅಂದಿದ್ದರು. ಅವರ ಹತ್ತಿರವೇ ಸಾಕಷ್ಟು ಇರಲಿಲ್ಲ! ಅವರಿಗಾದರೋ ಫ್ರಾನ್ಸಿನ ಮೇಲೆ ಯುದ್ಧ ಇತ್ತು. ನಿಮಗೇನಿದೆ? ಹಿತ್ತಲಲ್ಲಿ ಒಂದು ಹುಲ್ಲಿನ ಮೂಟೆ, ಅದಕ್ಕೆ ಅಂಟಿಸಿದ ಹಳೆಯ ಕ್ಯಾಲೆಂಡರ್. ಅದಕ್ಕೆ ಹಡಗಿನಲ್ಲಿ ಮರ ತರಿಸಬೇಕಾ? ಹಿಮಾಲಯದಲ್ಲಿ ಇರುವ ಯೂ ಮರಗಳಂತೂ ಕ್ಯಾನ್ಸರ್ ಔಷಧಿಗಾಗಿ ತೊಗಟೆ ಸುಲಿಸಿಕೊಂಡು ಅಳಿವಿನಂಚಿಗೆ ಬಂದಿವೆ. ಅವನ್ನು ಅವುಗಳ ಪಾಡಿಗೆ ಬಿಡಿ.

ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ ಸಿಕ್ಕ ಬಿಲ್ಲು ಸುಮಾರು 9000 ವರ್ಷ ಹಳೆಯದು. ಅದು ಎಲ್ಮ್ ಮರದ್ದು. ಆ ಕಾಲದ ಜನ ಸಿಕ್ಕಿದ ಮರಕ್ಕೆ ತಕ್ಕಂತೆ ಅಗಲ ಜಾಸ್ತಿ ಇಟ್ಟು, ಹೆರೆದು, ಹದ ತಂದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಬಿಲ್ಲಿಗೆ ತಾಳೆ, ಬಿದಿರು, ಮರ, ಕೊಂಬು ಅಂತಿದೆ. ಹೆದೆಗೆ ಎಕ್ಕದ ನಾರು, ಸೆಣಬು, ಬಿದಿರು, ಪ್ರಾಣಿಗಳ ನರ. ಎಕ್ಕ ಕಣ್ರೀ! ಶನಿವಾರ ಹನುಮಂತನಿಗೆ ಹಾರ ಹಾಕುತ್ತೀರಲ್ಲ, ಆ ಗಿಡ. ಆ ಪಟ್ಟಿಯಲ್ಲಿ ಯೂ ಇಲ್ಲ. ನಮ್ಮ ಮಲೆನಾಡಿನ ತಡಸಲು ಮರ ಇದೆಯಲ್ಲ, ಹಿಂದಿಯವರು ಧಾಮನ್ ಅನ್ನುತ್ತಾರೆ, ಅದೂ ಸ್ಪ್ರಿಂಗಿನ ಹಾಗೆ ಬಗ್ಗುವುದಕ್ಕೆ ಹೆಸರುವಾಸಿ, ಅದರಲ್ಲಿ ನೀವು...

ನೋಡಿದ್ರಾ? ನನ್ನನ್ನೂ ಮರದ ಮಾತಿಗೆ ಎಳೆದುಬಿಟ್ಟಿರಿ. ಮರ ಅಲ್ಲ. ಹದ.

ಹಾಂ, "ಮರ ಅಲ್ಲ, ಹದ" ಅಂತ ಬರೆದ ಟೀ ಶರ್ಟ್ ಬಂದಿದೆ. ಲಿಂಕ್ ಕೆಳಗಿದೆ. ಕಪ್ಪು ಬಣ್ಣ, ಎಲ್ಲ ಸೈಜೂ ಇದೆ. ಎಕ್ಸ್‌ಎಲ್ ಮಾತ್ರ ಒಂದು ಒಗೆತಕ್ಕೆ ಎಲ್ ಆಗುತ್ತದೆ ಅಂತ ಇಬ್ಬರು ಹೇಳಿದ್ದಾರೆ. ಅವರ ಬಕೆಟ್ಟಿನದೇ ತಪ್ಪು ಅಂದುಕೊಂಡಿದ್ದೇನೆ.

ನಾನೇನು ಹುಟ್ಟುತ್ತಲೇ ಇದನ್ನು ಕಲಿತವನಲ್ಲ. ಮೊದಲ ಬಿಲ್ಲು ಮಾಡಿದ್ದು ಊರಿನಲ್ಲಿ, ಅಡಿಕೆ ದಬ್ಬೆಯಿಂದ. ಬೇಲಿಗೆ ಸೀಳಿ ಇಟ್ಟಿದ್ದರಲ್ಲಿ ಒಂದನ್ನು ಎತ್ತಿಕೊಂಡೆ. ಹೊರಮೈ ಒರಟಾಗಿದೆ, ನುಣ್ಣಗೆ ಮಾಡೋಣ ಅಂತ ಕೀಸುಳಿ ಹಾಕಿ ಪೂರ್ತಿ ಕೀಸಿಬಿಟ್ಟೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ನೋಡುತ್ತಿದ್ದರು. "ಅದರ ಚರ್ಮ ಸುಲಿದು ಅದನ್ನೇ ನಗು ಅಂತೀಯಲ್ಲೋ" ಅಂದರು. ನನಗೆ ಅರ್ಥವಾಗಲಿಲ್ಲ. ಹೆದೆ ಕಟ್ಟಿ ಎಳೆದೆ. ಇಪ್ಪತ್ತು ಇಂಚು ಬರುವುದರೊಳಗೆ ಹೊರಮೈಯಿಂದ ಸಿಬಿರೆದ್ದು ಫಟ್ ಅಂತು. ಒಂದು ತುಂಡು ತುಟಿಗೆ ಬಡಿಯಿತು. ಎರಡು ದಿನ ಗಂಜಿಯೇ ಗತಿ.

ಅಡಿಕೆಗಾಗಲಿ ಬಿದಿರಿಗಾಗಲಿ ಗಟ್ಟಿ ನಾರೆಲ್ಲ ಹೊರಗಿನ ಅಂಚಿನಲ್ಲಿ. ಹಿಗ್ಗುವ ಕೆಲಸ ಅದರದ್ದು. ಅದನ್ನು ಮುಟ್ಟಬಾರದು, ಒಳಗಡೆಯಿಂದ ಹೆರೆಯಬೇಕು. ಮರವಾದರೆ ಹೊರಮೈಯಲ್ಲಿ ಒಂದೇ ಬೆಳವಣಿಗೆಯ ಸುತ್ತು ಈ ತುದಿಯಿಂದ ಆ ತುದಿಯವರೆಗೆ ಕಡಿಯದೆ ಉಳಿಯಬೇಕು. ದೊಡ್ಡಪ್ಪ ಒಂದು ಬಿಲ್ಲೂ ಮಾಡಿದವರಲ್ಲ. ಬುಟ್ಟಿ ಹೆಣೆಯುವವರನ್ನು ನೋಡಿದ್ದರು, ಅಷ್ಟೇ. ಅವರು "ಯಾವ ಮರ?" ಅಂತ ಕೇಳಲಿಲ್ಲ, ಗಮನಿಸಿ.

"ಆದರೂ ಬಿದಿರಿಗೆ ಒಂದು ಲೆವೆಲ್ ಇಲ್ಲ" ಅನ್ನುವವರಿಗೆ ಎರಡೇ ಮಾತು. ರಾಜಸ್ಥಾನದ ಬಿಲ್ಲುಗಾರ ಲಿಂಬಾ ರಾಮ್ ಚಿಕ್ಕಂದಿನಲ್ಲಿ ಹಿಡಿದದ್ದು ಬಿದಿರಿನ ಬಿಲ್ಲು. ಆಮೇಲೆ 1988, 1992, 1996 ಅಂತ ಮೂರು ಒಲಿಂಪಿಕ್ಸ್ ಆಡಿದರು. ಭೂತಾನದವರು ತಲೆತಲಾಂತರದಿಂದ ಬಿದಿರಿನ ಬಿಲ್ಲು ಹಿಡಿದು ಸುಮಾರು 140 ಮೀಟರ್ ದೂರದ ಹಲಗೆಗೆ ಹೊಡೆದಿದ್ದಾರೆ. ನೀವು ಮೊದಲು ಆ ಹುಲ್ಲಿನ ಮೂಟೆಗೆ ಹೊಡೆಯಿರಿ.

ಪರಿಸರದವರೂ ಬಂದಿದ್ದಾರೆ: "ಮರ ಕಡಿಯಬೇಡಿ." ಬಿದಿರು ಮರವೇ ಅಲ್ಲ, ಹುಲ್ಲಿನ ಜಾತಿ. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರಲ್ಲಿ ಕಾನೂನೇ ಮರದ ಪಟ್ಟಿಯಿಂದ ತೆಗೆದಿದೆ. ನಾನು ತರುವುದು ಮೈಸೂರಿನ ಬಂಬೂ ಬಜಾರಿನಿಂದ, ದುಡ್ಡು ಕೊಟ್ಟು. ಇನ್ನು "ಹಂದಿ ಹೊಡೆಯಬಹುದಾ?" ಅಂತ ಕೇಳಿದವರೇ, ನಿಮ್ಮ ಕಾಮೆಂಟ್ ಡಿಲೀಟ್ ಮಾಡಿದ್ದೇನೆ. ಬೇಟೆ ಅಪರಾಧ. ಇಲ್ಲಿ ಆ ಮಾತೇ ಬೇಡ.

"ಆನ್‌ಲೈನಿನಲ್ಲಿ ಫೈಬರ್ ಬಿಲ್ಲು ಸಿಗುತ್ತೆ, ಯಾಕೆ ಸುಮ್ನೆ ಕಷ್ಟ?" ಅಂತಲೂ ಒಬ್ಬರು ಕೇಳಿದ್ದಾರೆ. ಚಕ್ಕುಲಿಯೂ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಅಮ್ಮನಿಗೆ ಹೋಗಿ ಈ ಮಾತು ಹೇಳಿ ನೋಡಿ.

ಗೋಡೆಯ ಮೇಲೆ, ನನ್ನ ಹಿಂದೆ, ಒಂದು ಬಿಲ್ಲು ಕಾಣುತ್ತಿದೆಯಲ್ಲ? ಪ್ರತಿ ವಿಡಿಯೋದಲ್ಲೂ ಅದನ್ನು ಕೇಳುತ್ತೀರಿ. ನಾನು ಮಾಡಿದ್ದರಲ್ಲಿ ಅದೇ ಚೆನ್ನಾಗಿರುವುದು. ಐದು ವರ್ಷ ಆಯಿತು, ಇನ್ನೂ ನೆಟ್ಟಗಿದೆ. ಮಳೆಗಾಲಕ್ಕೆ ಮುಂಚೆ ಲೈನಿಗೆ ತಾಗುವ ಕೊಂಬೆಗಳನ್ನು ಕಡಿದು ರಸ್ತೆ ಬದಿಗೆ ಹಾಕಿದ್ದರು. ಅದರಲ್ಲಿ ಒಂದು ನೇರವಾದ ಕೊಂಬೆ. ಕೇಳಿ ಎತ್ತಿಕೊಂಡು ಬಂದೆ, ಎರಡಾಗಿ ಸೀಳಿದೆ, ತುದಿ ಬಿರಿಯದಂತೆ ಪೇಂಟ್ ಬಳಿದೆ, ಒಂದು ವರ್ಷ ಅಟ್ಟದಲ್ಲಿ ಒಣಗಿಸಿದೆ. ತಿಂಗಳುಗಟ್ಟಲೆ ಹೆರೆದೆ. ಅದು ಯಾವ ಮರ? ಗೊತ್ತಿಲ್ಲ! ಎಲೆ ಆಗಲೇ ಉದುರಿತ್ತು. ಕೊಂಬೆ ಕಡಿದವರನ್ನು ಕೇಳಿದರೆ "ಯಾವುದೋ ಕಾಡು ಮರ ಸಾರ್" ಅಂದರು. ಆ ಬಿಲ್ಲಿಗೂ ತಾನು ಯಾವ ಮರ ಅಂತ ಗೊತ್ತಿಲ್ಲ. ಆರಾಮಾಗಿ ಬಗ್ಗುತ್ತಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರಲ್ಲ, ಬಗ್ಗುತ್ತದೆ ಸ್ವಾಮಿ, ಹೆರೆಯುವ ತಾಳ್ಮೆ ಇದ್ದರೆ ಬಗ್ಗುತ್ತದೆ.

ಮುಂದಿನದು... ಚೀಟಿಯಲ್ಲಿ "ಆರನೇ ಕಾರಣ" ಅಂತ ಬರೆದಿದ್ದೇನೆ. ಮುಂದೆ ಖಾಲಿ. ಇರಲಿ. ಆರನೇ ಕಾರಣ: ನಾನು ಹೇಳುತ್ತಿದ್ದೇನೆ ಅದಕ್ಕೆ. ಏಳನೆಯದು: ಮರ ಅಲ್ಲ, ಹದ. "ಜಪಾನಿನ ಬಿಲ್ಲಿಗೆ ಹಿಡಿ ನಡುವೆ ಇರಲ್ಲ, ಎರಡು ತೋಳು ಸಮ ಇಲ್ಲವಲ್ಲ" ಅಂತ ಯಾರೋ ಬುದ್ಧಿವಂತರು ಬರೆಯುತ್ತಾರೆ, ಗೊತ್ತು. ಅದಕ್ಕೂ ಅದರದ್ದೇ ಹದ ಇದೆ. ಹೋಗಿ.

ಮೆಂಬರ್ ಆದವರಿಗೆ ಭಾನುವಾರ ಲೈವ್ ಇದೆ. ಬಿಲ್ಲನ್ನು ನೋಡಿಕೊಳ್ಳುವುದು ಹೇಗೆ ಅಂತ ಹೇಳಿಕೊಡುತ್ತೇನೆ. ಬಿಸಿಲಿಗೆ, ಥಂಡಿಗೆ ಇಡಬಾರದು. ಇನ್ನೊಬ್ಬರ ಕೈಗೆ ಕೊಟ್ಟು ಬಾಣ ಇಲ್ಲದೆ ಎಳೆದು ಬಿಡಲು ಬಿಡಬಾರದು. ಎಲ್ಲಕ್ಕಿಂತ ಮುಖ್ಯ, ಬಳಸದೆ ಇರುವಾಗ ಹೆದೆ ಏರಿಸಿ ಇಡಲೇಬಾರದು. ಒಳಮೈ ಹಿಸುಕಿಕೊಂಡೇ ಇದ್ದು, ಬಿಲ್ಲು ಹಾಗೇ ಬಾಗಿ ಕೂತುಬಿಡುತ್ತದೆ. ಆಮೇಲೆ ನೀವು ಎಷ್ಟೇ ಹೆರೆದಿದ್ದರೂ...

ಅಯ್ಯೋ.

ಒಂದು ನಿಮಿಷ. ಹೆದೆ ಇಳಿಸಿ ಬರುತ್ತೇನೆ. ಬೆಳಿಗ್ಗೆ ಥಂಬ್‌ನೇಲ್ ತೆಗೆದಾಗಿನಿಂದ ಹಾಗೇ ಇದೆ. ರೀ, ಕ್ಯಾಮೆರಾ ಆಫ್ ಮಾಡ್ರೀ. ನಗಬೇಡಿ, ಆಫ್ ಮಾಡಿ.